ತೋಳು ದಪ್ಪಗಿದ್ದರೂ ಭತ್ತದ ಚೀಲ ಏಕೆ ಹೊರಲಾಗುತ್ತಿಲ್ಲ?

ಪ್ರಶ್ನೆ: ನಾನು ಕಾರಟಗಿಯವನು, ವಯಸ್ಸು 24. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಾರೆ. ಅವರಿಗೆ 54. ನೋಡೋಕೆ ಸಣಕಲು ಮೈ. ಆದರೂ 75 ಕೆ.ಜಿ. ಭತ್ತದ ಚೀಲ ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತಿ ಲಾರಿಗೆ ತುಂಬುತ್ತಾರೆ. ನಾನು ಎರಡು ವರ್ಷದಿಂದ ಗಂಗಾವತಿಯಲ್ಲಿ ಜಿಮ್‌ಗೆ ಹೋಗುತ್ತಿದ್ದೇನೆ, ತೋಳು ಅಪ್ಪನದಕ್ಕಿಂತ ದಪ್ಪ ಇದೆ. ಅದೇ ಚೀಲ ಹೊತ್ತರೆ ಹತ್ತು ಹೆಜ್ಜೆಗೆ ಕಾಲು ನಡುಗುತ್ತವೆ. ಯಾಕೆ? ಮೊನ್ನೆ ಅಂಜನಾದ್ರಿ ಬೆಟ್ಟ ಹತ್ತಿ ಇಳಿದೆ. ಆ ದಿನ ಏನೂ ಆಗಲಿಲ್ಲ, ಮರುದಿನದಿಂದ ಎರಡು ದಿನ ತೊಡೆ ಮುಟ್ಟೋಕೂ ಆಗಲಿಲ್ಲ. ಜಿಮ್‌ನವರು ಲ್ಯಾಕ್ಟಿಕ್ ಆಸಿಡ್ ಅಂದರು. ಅಪ್ಪನಿಗೆ ಬೇಸಿಗೆಯಲ್ಲಿ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಒಟ್ಟಿನಲ್ಲಿ ಸ್ನಾಯು ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳುತ್ತೀರಾ?

ಉತ್ತರ: ಲ್ಯಾಕ್ಟಿಕ್ ಆಸಿಡ್ ಮಾತು ಸದ್ಯ ಬದಿಗಿರಲಿ, ಅದು ತಪ್ಪು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ತೋಳಿನ ವಿಷಯ ನೋಡೋಣ. ಚೀಲ ಹೊರುವುದರಲ್ಲಿ ತೋಳಿಗೆ ಹೆಚ್ಚು ಕೆಲಸವೇ ಇಲ್ಲ. ನಿಮ್ಮಪ್ಪ ಹೊರುವುದು ತೊಡೆ, ಸೊಂಟ, ಬೆನ್ನು ಮತ್ತು ಮೀನಖಂಡದಿಂದ. ಕೈ ಚೀಲ ಜಾರದಂತೆ ಹಿಡಿದಿರುತ್ತದೆ, ಅಷ್ಟೇ. ಕನ್ನಡಿಯಲ್ಲಿ ಕಾಣುವ ಸ್ನಾಯು ಬೇರೆ, ಭಾರ ಹೊರುವ ಸ್ನಾಯು ಬೇರೆ.

ಆದರೆ ಇದು ಅರ್ಧ ಉತ್ತರ. ನೀವು ನಾಳೆಯಿಂದ ತೊಡೆ, ಬೆನ್ನು ಎರಡನ್ನೂ ಜಿಮ್‌ನಲ್ಲಿ ಬೆಳೆಸಿದರೂ ಅಪ್ಪನ ಹಾಗೆ ಚೀಲ ಹೊರುವುದು ತಕ್ಷಣ ಬರುವುದಿಲ್ಲ. ಅದು ಯಾಕೆಂದು ತಿಳಿಯಲು ಸ್ನಾಯುವಿನ ಒಳಗೆ ಹೋಗಬೇಕು.

ನಮ್ಮ ಮೈಯಲ್ಲಿ ಮೂರು ಬಗೆಯ ಸ್ನಾಯು ಇವೆ. ಒಂದು ಹೃದಯದ್ದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ನಮ್ಮ ಅಪ್ಪಣೆ ಕೇಳುವುದಿಲ್ಲ. ಇನ್ನೊಂದು ಕರುಳು, ರಕ್ತನಾಳ, ಮೂತ್ರಕೋಶಗಳ ಗೋಡೆಯಲ್ಲಿರುವುದು. ಅದೂ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಮೂರನೆಯದು ಮೂಳೆಗೆ ಅಂಟಿಕೊಂಡು ನಾವು ಹೇಳಿದಂತೆ ಕೇಳುವ ಸ್ನಾಯು. ನಿಮ್ಮ ಪ್ರಶ್ನೆ ಇದರ ಬಗ್ಗೆಯೇ ಇರುವುದರಿಂದ ಉಳಿದೆರಡನ್ನು ಇಲ್ಲಿಗೇ ಬಿಡುತ್ತೇನೆ. ಈ ಮೂರನೆಯ ಬಗೆಯವು ಮೈಯಲ್ಲಿ 600ಕ್ಕೂ ಜಾಸ್ತಿ ಇವೆ. ಗಂಡಸಿನ ತೂಕದಲ್ಲಿ ಹತ್ತಿರ ಹತ್ತಿರ ಶೇ 40 ಪಾಲು ಇವುಗಳದೇ. ಹೆಂಗಸರಲ್ಲಿ ಸ್ವಲ್ಪ ಕಡಿಮೆ.

ಬೆಂದ ಮಟನ್ ತುಂಡನ್ನು ಬೆರಳಲ್ಲಿ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದಲ್ಲ, ಅದು ಕುರಿಯ ಸ್ನಾಯು. ನಮ್ಮದೂ ಹಾಗೇ ಇದೆ. ಕಣ್ಣಿಗೆ ಕಾಣುವ ಆ ಒಂದೊಂದು ಎಳೆಯೂ ನೂರಾರು ತಂತುಗಳ ಕಟ್ಟು. ಒಂದು ತಂತು ಎಂದರೆ ಒಂದೇ ಜೀವಕೋಶ. ದಪ್ಪದಲ್ಲಿ ತಲೆಗೂದಲಿನಷ್ಟು, ಇಲ್ಲವೇ ಅದಕ್ಕಿಂತ ಸಣ್ಣ. ಉದ್ದ ಮಾತ್ರ ಎಷ್ಟೋ ಸೆಂಟಿಮೀಟರ್. ಅದರೊಳಗೆ ಇನ್ನೂ ಸಣ್ಣ ದಾರಗಳು. ಆ ದಾರದ ಉದ್ದಕ್ಕೂ ಒಂದರ ಪಕ್ಕ ಒಂದರಂತೆ ಪುಟ್ಟ ಪುಟ್ಟ ಕೋಣೆಗಳು. ಅವಕ್ಕೆ ಸಾರ್ಕೋಮಿಯರ್ ಅಂತ ಹೆಸರು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ, ಅದರಲ್ಲಿ ಎರಡು ಪಾಲಿನಷ್ಟು ಒಂದೊಂದರ ಉದ್ದ ಇರಬಹುದು. ನೀವು ಎತ್ತುವ ಭಾರವೆಲ್ಲ ಏಳುವುದು ಇಲ್ಲಿಂದ.

ಈ ಕೋಣೆಯಲ್ಲಿ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ. ಸಣ್ಣದು ಆಕ್ಟಿನ್, ದಪ್ಪದ್ದು ಮಯೋಸಿನ್. ಮಯೋಸಿನ್‌ಗೆ ಮೈತುಂಬ ಸಣ್ಣ ತಲೆಗಳು. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮುಂದೆ ಹೋಗಿ ಮತ್ತೆ ಹಿಡಿಯುತ್ತದೆ. ಆ ತಲೆಗಳೂ ಆಕ್ಟಿನ್ ಎಳೆಯನ್ನು ಹಾಗೆಯೇ ಎಳೆಯುತ್ತವೆ. ಎಳೆಗಳು ಕುಗ್ಗುವುದಿಲ್ಲ, ಒಂದರೊಳಗೆ ಒಂದು ಜಾರುತ್ತವೆ. ಹಾಗಾಗಿ ಕೋಣೆ ಗಿಡ್ಡ ಆಗುತ್ತದೆ. ಲಕ್ಷಾಂತರ ಕೋಣೆಗಳು ಒಟ್ಟಿಗೆ ಗಿಡ್ಡ ಆದಾಗ ಸ್ನಾಯು ಗಿಡ್ಡ ಆಗುತ್ತದೆ, ಮೂಳೆ ಎಳೆದುಕೊಂಡು ಬರುತ್ತದೆ. 1954ರಲ್ಲಿ ಇದನ್ನು ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಎರಡೂ ಲೇಖನ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಇಬ್ಬರು ಹಕ್ಸ್‌ಲಿಗಳೂ ಅಣ್ಣತಮ್ಮಂದಿರು ಅಂತ ಎಷ್ಟೋ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ಅವರಿಗೆ ನಂಟೇ ಇರಲಿಲ್ಲ.

ಇದರಿಂದ ಒಂದು ಮಾತು ಹೊರಡುತ್ತದೆ. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ನೀವು ಗೋಡೆ ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ. ಅದಕ್ಕೇ ಸ್ನಾಯುಗಳು ಜೋಡಿಯಾಗಿವೆ. ಮೊಣಕೈ ಮಡಚಲು ಮುಂದೆ ಬೈಸೆಪ್ಸ್, ಚಾಚಲು ಹಿಂದೆ ಟ್ರೈಸೆಪ್ಸ್. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು. ಈ ಸಡಿಲ ಬಿಡುವ ಕೆಲಸ ಎಷ್ಟು ದೊಡ್ಡದು ಎಂಬುದು ನಿಮ್ಮ ನಡುಗುವ ಕಾಲಿಗೆ ಗೊತ್ತು. ಅದಕ್ಕೆ ಬರುತ್ತೇನೆ.

ಆ ತಲೆಗಳು ಎಳೆಯಬೇಕಾದರೆ ಎರಡು ಬೇಕು, ಕ್ಯಾಲ್ಸಿಯಂ ಮತ್ತು ಎಟಿಪಿ. ಮೆದುಳಿನಿಂದ ಹೊರಟ ಸಂದೇಶ ಬೆನ್ನುಹುರಿ ದಾಟಿ ನರದ ತುದಿಗೆ ಬಂದು ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಸುತ್ತದೆ. ತಂತುವಿನೊಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಬರುತ್ತದೆ. ಆಗ ಆಕ್ಟಿನ್ ಮೇಲೆ ಮಯೋಸಿನ್ ಹಿಡಿಯುವ ಜಾಗ ತೆರೆಯುತ್ತದೆ. ಎಟಿಪಿ ಎಂದರೆ ಶಕ್ತಿಯ ಕಣ. ಎಳೆಯಲು ಮಾತ್ರವಲ್ಲ, ಹಿಡಿತ ಬಿಡಲಿಕ್ಕೂ ಅದು ಬೇಕು. ಸತ್ತ ಕೆಲವು ಗಂಟೆಗೆ ಹೆಣ ಸೆಟೆದುಕೊಳ್ಳುವುದು ಇದಕ್ಕೇ. ಎಟಿಪಿ ಮುಗಿದಿರುತ್ತದೆ, ಹಿಡಿದ ತಲೆಗಳು ಬಿಡುವುದಿಲ್ಲ.

ಸ್ನಾಯುವಿನಲ್ಲಿ ತಯಾರಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಕಾಗುತ್ತದೆ. ಅದು ಮುಗಿಯುತ್ತಿದ್ದಂತೆ, ಎಟಿಪಿಯನ್ನು ಬೇಗ ಮತ್ತೆ ತಯಾರಿಸಿಕೊಡುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ದಾಸ್ತಾನು ಕೈಕೊಡುತ್ತದೆ, ಅಲ್ಲಲ್ಲ, ಕೈಜೋಡಿಸುತ್ತದೆ. ಕೈಕೊಡುವುದು ಸುಮಾರು ಹತ್ತು ಸೆಕೆಂಡ್ ಆದಮೇಲೆ. ಅಲ್ಲಿಂದ ಮುಂದೆ ಸ್ನಾಯುವಿನೊಳಗಿನ ಸಕ್ಕರೆ ಒಡೆಯಬೇಕು, ಕೊನೆಗೆ ಆಮ್ಲಜನಕ ಸೇರಿಸಿ ಸಕ್ಕರೆ, ಕೊಬ್ಬು ಸುಡಬೇಕು. ಈಗ ಹಮಾಲರ ನಡೆ ನೋಡಿ. ಭಾರ ಹೊತ್ತು ಬೇಗ ಬೇಗ ಹೋಗುತ್ತಾರೆ, ಖಾಲಿ ಬೆನ್ನಲ್ಲಿ ನಿಧಾನ ಬರುತ್ತಾರೆ. ಆ ಅರ್ಧ ಮುಕ್ಕಾಲು ನಿಮಿಷದ ಖಾಲಿ ನಡಿಗೆಯಲ್ಲಿ ಖರ್ಚಾದ ಕ್ರಿಯಾಟಿನ್ ಫಾಸ್ಫೇಟ್‌ನ ಹತ್ತಿರ ಹತ್ತಿರ ಅರ್ಧ ತುಂಬಿಕೊಂಡಿರುತ್ತದೆ. ಯಾರೂ ಅವರಿಗೆ ಇದನ್ನು ಕಲಿಸಿಲ್ಲ. ಚೀಲ ಹೊತ್ತು ನಡುವೆ ನಿಲ್ಲುವವನಿಗಿಂತ ಹೀಗೆ ಬೇಗ ಹೋಗಿ ನಿಧಾನ ಬರುವವನೇ ಸಂಜೆವರೆಗೂ ಬಾಳುತ್ತಾನೆ.

ಈಗ ಮುಖ್ಯ ಮಾತಿಗೆ ಬರೋಣ. ಸ್ನಾಯುವಿನ ಬಲ ಎರಡರ ಮೇಲೆ ನಿಂತಿದೆ. ಒಂದು, ಅದು ಅಡ್ಡಕ್ಕೆ ಎಷ್ಟು ದಪ್ಪ ಇದೆ ಎಂಬುದು. ಒಂದು ಚದರ ಸೆಂಟಿಮೀಟರ್ ದಪ್ಪಕ್ಕೆ ಸುಮಾರು 2ರಿಂದ 3 ಕೆ.ಜಿ. ಎಳೆತ. ಈ ಲೆಕ್ಕದಲ್ಲಿ ನೀವು ಗೆದ್ದಿರಿ. ಎರಡು, ಇರುವ ತಂತುಗಳಲ್ಲಿ ಎಷ್ಟನ್ನು ನರ ಎಬ್ಬಿಸುತ್ತದೆ ಎಂಬುದು. ಇದರಲ್ಲಿ ಅಪ್ಪ ಗೆದ್ದರು.

ಬೆನ್ನುಹುರಿಯಿಂದ ಹೊರಡುವ ಒಂದು ನರಕೋಶ ಒಂದು ಗುಂಪು ತಂತುಗಳನ್ನು ಆಳುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ನರಕೋಶಕ್ಕೆ ಹತ್ತಿಪ್ಪತ್ತು ತಂತು ಸಾಕು, ಅಲ್ಲಿ ನಾಜೂಕು ಬೇಕು. ಮೀನಖಂಡದಲ್ಲಿ ಒಂದಕ್ಕೆ ಸಾವಿರದಷ್ಟು ತಂತು, ಅಲ್ಲಿ ಬಲ ಬೇಕು. ಭಾರ ಹಗುರ ಇದ್ದಾಗ ಸಣ್ಣ ಗುಂಪುಗಳು ಮಾತ್ರ ಏಳುತ್ತವೆ. ಭಾರ ಏರಿದಂತೆ ದೊಡ್ಡ ಗುಂಪುಗಳು ಸೇರುತ್ತವೆ. ದೊಡ್ಡ ಗುಂಪಿನ ತಂತುಗಳು ಬೇಗ ಎಳೆಯುತ್ತವೆ, ಬೇಗ ದಣಿಯುತ್ತವೆ. ಸಣ್ಣ ಗುಂಪಿನವು ನಿಧಾನ, ಆದರೆ ದಿನವಿಡೀ ದುಡಿಯುತ್ತವೆ. ಹೊಸಬರಿಗೆ ದೊಡ್ಡ ಗುಂಪುಗಳನ್ನು ಸರಿಯಾದ ಹೊತ್ತಿಗೆ ಎಬ್ಬಿಸುವುದು ಬರುವುದಿಲ್ಲ. ಇನ್ನೊಂದು ಕಡೆ, ಸಡಿಲ ಬಿಡಬೇಕಾದ ಎದುರಿನ ಸ್ನಾಯುವನ್ನೂ ಬಿಗಿ ಹಿಡಿಯುತ್ತಾರೆ. ತೊಡೆಯ ಮುಂದಿನದೂ ಎಳೆಯುತ್ತದೆ, ಹಿಂದಿನದೂ ಎಳೆಯುತ್ತದೆ. ಶಕ್ತಿ ಸುಮ್ನೆ ಖರ್ಚು, ಮೇಲಿಂದ ನಡುಕ ಬೇರೆ. ನಿಮ್ಮ ಹತ್ತು ಹೆಜ್ಜೆಯ ಗುಟ್ಟು ಬಹುಪಾಲು ಇಲ್ಲಿದೆ.

ಜಿಮ್‌ಗೆ ಸೇರಿದ ಮೊದಲ ಒಂದೆರಡು ತಿಂಗಳು ನೆನಪು ಮಾಡಿಕೊಳ್ಳಿ. ತೋಳು ಅಷ್ಟೇನೂ ದಪ್ಪ ಆಗಿರಲಿಲ್ಲ, ಆದರೆ ಎತ್ತುವ ಭಾರ ಭರ್ತಿ ಏರಿತ್ತು, ಅಲ್ವಾ? ಆಗ ಬೆಳೆದದ್ದು ಮುಖ್ಯವಾಗಿ ನರಗಳ ಚಾಳಿ. ಸ್ನಾಯು ದಪ್ಪಗಾಗುವುದು ಅದರ ಹಿಂದೆ ಬರುತ್ತದೆ. ಆದರೆ ಆ ಚಾಳಿ ನೀವು ಮಾಡಿದ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಬೆಂಚಿನ ಮೇಲೆ ಮಲಗಿ ರಾಡ್ ತಳ್ಳಿ ಕಲಿತ ನರ, ಅಲುಗಾಡುವ ಹಲಗೆಯ ಮೇಲೆ ಭಾರ ಹೊತ್ತು ಒಂಟಿ ಕಾಲಲ್ಲಿ ಮೈ ತೂಗಿಸುವುದನ್ನು ಕಲಿತಿಲ್ಲ. ನಿಮ್ಮಪ್ಪ ಎಷ್ಟೋ ವರ್ಷಗಳಿಂದ ಅದೊಂದನ್ನೇ ಮಾಡಿದ್ದಾರೆ. ಅವರ ಸ್ನಾಯುರಜ್ಜುಗಳೂ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಬಿಳಿ ಹುರಿಗಳೂ, ಹಾಗೆಯೇ ಗಟ್ಟಿಯಾಗಿವೆ. ಸ್ನಾಯು ವಾರಗಳಲ್ಲಿ ಬೆಳೆಯುತ್ತದೆ, ಹುರಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಬ್ಬದಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿದ್ದರೆ ನಿಮಗೇ ಗೊತ್ತು, ಗೆಲ್ಲುವವರೆಲ್ಲ ದಪ್ಪ ತೋಳಿನವರೇ ಆಗಿರುವುದಿಲ್ಲ.

ಇನ್ನೊಂದು, ಭಾರ ಇಡುವ ಜಾಗ. ಬೈಸೆಪ್ಸ್ ಮೊಣಕೈ ಕೀಲಿನಿಂದ ಸುಮಾರು 4-5 ಸೆಂ.ಮೀ. ದೂರದಲ್ಲಿ ಮೂಳೆಗೆ ಅಂಟಿದೆ. ಅಂಗೈ ಇರುವುದು ಸುಮಾರು 35 ಸೆಂ.ಮೀ. ದೂರದಲ್ಲಿ. ಹಾಗಾಗಿ ಮೊಣಕೈ ಮಡಚಿ 10 ಕೆ.ಜಿ. ಹಿಡಿದರೆ ಸ್ನಾಯು ಸುಮಾರು 70ರಿಂದ 90 ಕೆ.ಜಿ.ಯಷ್ಟು ಎಳೆಯಬೇಕು. ನಮ್ಮ ಮೈಯ ಕೀಲುಗಳಲ್ಲಿ ಬಹಳಷ್ಟು ಹೀಗೇ ಇವೆ. ಬಲದಲ್ಲಿ ನಷ್ಟ, ವೇಗದಲ್ಲಿ ಲಾಭ. ಭಾರ ಕೀಲಿನಿಂದ ದೂರ ಹೋದಷ್ಟೂ ಸ್ನಾಯುವಿಗೆ ಕಷ್ಟ. ಹಮಾಲರು ಮುಂದಕ್ಕೆ ಸ್ವಲ್ಪ ಬಾಗಿ ಚೀಲವನ್ನು ಬೆನ್ನಿನ ಮೇಲ್ಭಾಗಕ್ಕೆ ಹಾಕಿಕೊಳ್ಳುತ್ತಾರೆ. ಆಗ ಚೀಲದ ಭಾರ ಸರಿಯಾಗಿ ಪಾದದ ಮೇಲೆ ಬೀಳುತ್ತದೆ. ಹೊರೆಯ ದೊಡ್ಡ ಪಾಲನ್ನು ಮೂಳೆಗಳೇ ಹೊರುತ್ತವೆ. ನೀವು ಅದೇ ಚೀಲವನ್ನು ಒಂದು ಗೇಣು ಕೆಳಗೆ ಹಿಡಿದಿದ್ದರೂ ಸಾಕು, ಸೊಂಟದ ಸ್ನಾಯು ಪೂರ್ತಿ ಲೆಕ್ಕ ಕಟ್ಟಬೇಕಾಗುತ್ತದೆ. ಅಲ್ಲದೆ ಅವರಿಗೆ ಇನ್ನಿಬ್ಬರು ಚೀಲ ಎತ್ತಿಕೊಡುತ್ತಾರೆ. ನೆಲದಿಂದ ಎತ್ತುವುದು ಬೇರೆ, ಎತ್ತಿಕೊಟ್ಟದ್ದನ್ನು ಹೊರುವುದು ಬೇರೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಹೇಳಲೇಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸು ಕೈಯಿಂದ ಹೊರುವ ಭಾರ 55 ಕೆ.ಜಿ. ಮೀರಬಾರದು ಎಂದು ಶಿಫಾರಸು ಮಾಡಿದೆ. ನಮ್ಮ ಕಡೆಯ 75 ಕೆ.ಜಿ. ಚೀಲ ಅದಕ್ಕಿಂತ 20 ಕೆ.ಜಿ. ಜಾಸ್ತಿ. ಸ್ನಾಯು ಒಗ್ಗಿಕೊಳ್ಳುತ್ತದೆ, ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಷ್ಟು ಒಗ್ಗುವುದಿಲ್ಲ. ನಿಮ್ಮಪ್ಪನ ಬಲ ಕಂಡು ಹೆಮ್ಮೆ ಪಡಿ, ಚೀಲದ ತೂಕ ಸರಿ ಎಂದು ಮಾತ್ರ ಒಪ್ಪಬೇಡಿ.

ಅಂಜನಾದ್ರಿಗೆ ಬರೋಣ. 575 ಮೆಟ್ಟಿಲು. ಏದುಸಿರು ಬಂದದ್ದು ಹತ್ತುವಾಗ, ತೊಡೆ ಹಿಡಿದದ್ದು ಇಳಿದದ್ದಕ್ಕೆ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಗಿಡ್ಡ ಆಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಎಳೆಯುತ್ತಲೇ ಇರುತ್ತದೆ, ಆದರೆ ಮೈಭಾರ ಅದನ್ನು ಬಲವಂತವಾಗಿ ಉದ್ದ ಮಾಡುತ್ತದೆ. ಹಿಡಿದುಕೊಂಡಿದ್ದ ಮಯೋಸಿನ್ ತಲೆಗಳು ಕಿತ್ತು ಬರುತ್ತವೆ. ಇಳಿಯುವಾಗ ಕಡಿಮೆ ತಂತುಗಳೇ ಏಳುವುದರಿಂದ ಒಂದೊಂದರ ಮೇಲೂ ಹೊರೆ ಜಾಸ್ತಿ. ಕೆಲವು ಸಾರ್ಕೋಮಿಯರ್‌ಗಳು ಹರಿದು ಅಸ್ತವ್ಯಸ್ತ ಆಗುತ್ತವೆ. ರಿಪೇರಿಗೆ ಬಿಳಿ ರಕ್ತಕಣಗಳು ಬರುತ್ತವೆ, ಜಾಗ ಸ್ವಲ್ಪ ಬಾಯುತ್ತದೆ, ನೋವಿನ ನರಗಳು ಚುರುಕಾಗುತ್ತವೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಅದಕ್ಕೇ ನೋವು ಮರುದಿನ ಬರುತ್ತದೆ, ಒಂದರಿಂದ ಮೂರು ದಿನದೊಳಗೆ ತುದಿ ಮುಟ್ಟಿ ಇಳಿಯುತ್ತದೆ.

ಜಿಮ್‌ನವರು ಹೇಳುವ ಲ್ಯಾಕ್ಟಿಕ್ ಆಸಿಡ್ ದುಡಿಮೆ ನಿಲ್ಲಿಸಿದ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ರಕ್ತದಿಂದ ಹೊರಟುಹೋಗಿರುತ್ತದೆ. ಮರುದಿನದ ನೋವಿಗೆ ಅದು ಹೇಗೆ ಕಾರಣವಾದೀತು? ಅದು ವಿಷವೂ ಅಲ್ಲ. ಹೃದಯ ಅದನ್ನು ಉರುವಲಾಗಿ ಬಳಸುತ್ತದೆ. 1902ರಲ್ಲೇ ಥಿಯೊಡೋರ್ ಹಫ್ ಎಂಬ ಅಮೆರಿಕದ ವಿಜ್ಞಾನಿ ಈ ತಡವಾದ ನೋವಿಗೆ ಸ್ನಾಯು ಒಳಗೆ ಹರಿದದ್ದೇ ಕಾರಣ ಎಂದು ಬರೆದಿದ್ದರು. ಆದರೂ ಜಿಮ್‌ಗಳಲ್ಲಿ ಹಳೇ ಮಾತೇ ಓಡುತ್ತಿದೆ. ಇನ್ನೆರಡು ಮೂರು ವಾರದಲ್ಲಿ ಮತ್ತೆ ಬೆಟ್ಟ ಹತ್ತಿ ಇಳಿದು ನೋಡಿ, ನೋವು ತೀರ ಕಡಿಮೆ ಇರುತ್ತದೆ. ಒಂದು ಸಲ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದಕ್ಕೆ ಸಿದ್ಧವಾಗಿರುತ್ತದೆ.

ಒಂದು ಎಚ್ಚರ. ವಿಪರೀತ ದುಡಿಮೆ ಇಲ್ಲವೇ ವ್ಯಾಯಾಮ ಆದಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಸ್ನಾಯು ಬಾತು ಕಲ್ಲಾದರೆ, ಕಾಯಬೇಡಿ. ಒಡೆದ ಸ್ನಾಯುವಿನ ಪ್ರೋಟೀನ್ ಮೂತ್ರಪಿಂಡ ಕೆಡಿಸಬಹುದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಅಪ್ಪನ ಮೀನಖಂಡಕ್ಕೆ ಕಾರಣ ಒಂದೇ ಅಲ್ಲ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಕಾಲು ಭಾಗ ಮಾತ್ರ. ಉಳಿದದ್ದು ಶಾಖವಾಗಿ ಹೋಗುತ್ತದೆ. ಏಪ್ರಿಲ್-ಮೇನಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಗಿರಣಿಯ ತಗಡಿನ ಕೆಳಗೆ ಭಾರ ಹೊತ್ತರೆ ಬೆವರು ಧಾರೆ, ಅದರ ಜೊತೆ ಉಪ್ಪು. ಇದು ಒಂದು ಕಾರಣ. ಇನ್ನೊಂದು, ದಣಿದ ಸ್ನಾಯುವಿನ ನರ ಹದ ತಪ್ಪಿ ತಾನಾಗೇ ಸಂದೇಶ ಕಳಿಸತೊಡಗುತ್ತದೆ. ಮಲಗಿದಾಗ ಪಾದ ಕೆಳಗೆ ಚಾಚಿಕೊಂಡು ಮೀನಖಂಡ ಮೊದಲೇ ಗಿಡ್ಡ ಆಗಿರುತ್ತದೆ. ಅಂಥ ಹೊತ್ತಲ್ಲಿ ಸಣ್ಣ ನೆಪ ಸಾಕು, ಹಿಡಿದುಬಿಡುತ್ತದೆ.

ಹಿಡಿದಾಗ ತಿಕ್ಕುವುದಕ್ಕಿಂತ ಮೊದಲು ಮೊಣಕಾಲು ನೆಟ್ಟಗೆ ಮಾಡಿ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಸ್ನಾಯುರಜ್ಜುವಿನಲ್ಲಿ ಎಳೆತ ಅಳೆಯುವ ನರತುದಿಗಳಿವೆ. ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸಿ ಆ ನರವನ್ನು ಸುಮ್ಮನಾಗಿಸುತ್ತವೆ. ಮಲಗುವ ಮುಂಚೆ ಗೋಡೆಗೆ ಕೈ ಊರಿ ಹೀಗೇ ಮೀನಖಂಡ ಎಳೆಯುವ ರೂಢಿ ಮಾಡಿಸಿ. ಕೆಲಸದ ನಡುವೆ ಬರೀ ನೀರಿನ ಬದಲು ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಿ.ಪಿ. ಇದ್ದರೆ ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. 54 ವಯಸ್ಸಿಗೆ ಒಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಸ್ವಲ್ಪ ದೂರ ನಡೆದರೆ ಮೀನಖಂಡ ನೋಯುವುದು, ನಿಂತರೆ ಕಡಿಮೆ ಆಗುವುದು ಇದ್ದರೆ ಅದು ಸ್ನಾಯುವಿನದಲ್ಲ, ರಕ್ತನಾಳದ ತೊಂದರೆ ಇರಬಹುದು. ಬೀಡಿ ಸೇದುವವರಲ್ಲಿ ಇದು ಜಾಸ್ತಿ. ಒಂದೇ ಕಾಲು ಬಾತು ಬಿಸಿಯಾದರೆ ತಡಮಾಡಬೇಡಿ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳು ನಮ್ಮ ಜಿಲ್ಲೆಗಳಲ್ಲಿ ಹಲವು. ಅಲ್ಲಿ ಬೆನ್ನು, ಕತ್ತು ಬಿಗಿದುಕೊಂಡರೆ ಅದನ್ನು ದುಡಿಮೆಯ ನೋವು ಎಂದು ತಳ್ಳಿಹಾಕಬಾರದು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಜಿಮ್‌ನಲ್ಲಿ ಪೌಡರ್ ಡಬ್ಬಿ ತೋರಿಸಿರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಜಿಮ್ ಮಾಡುವವರಿಗೆ 1.2ರಿಂದ 1.6 ಇದ್ದರೆ ಸಾಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಹೆಸರುಕಾಳಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ಜೋಳದಲ್ಲಿ ಸುಮಾರು 10 ಗ್ರಾಂ ಇದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕೊರತೆ, ಕಾಳಿನಲ್ಲಿ ಅದು ಧಾರಾಳ. ರೊಟ್ಟಿ ಜೊತೆ ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಸಾಧ್ಯವಾದರೆ ಎರಡು ಮೊಟ್ಟೆ. ಡಬ್ಬಿ ಬೇಕಿಲ್ಲ. ಅಪ್ಪನಿಗೂ ಇದೇ ಬಡಿಸಿ. ಮೂವತ್ತು ದಾಟಿದ ಮೇಲೆ ಸ್ನಾಯು ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ದುಡಿಯುವವರು ಅನ್ನ, ಸಾರಿನಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಆ ನಷ್ಟ ತುಂಬುವುದಿಲ್ಲ.

ಕೊನೆಗೆ, ಚೀಲ ಹೊರುವ ಹಟ ನಿಮಗೆ ಇದ್ದೇ ಇದ್ದರೆ 25 ಕೆ.ಜಿ. ಅಕ್ಕಿ ಚೀಲದಿಂದ ಶುರು ಮಾಡಿ. ವಾರಕ್ಕೆ ಎರಡು ದಿನ, ಸಮ ನೆಲದ ಮೇಲೆ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು. ಚೀಲ ಬೆನ್ನಿನಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ಅಪ್ಪನಿಂದ ಕೇಳಿ ಕಲಿಯಿರಿ, ಅದನ್ನು ನನಗಿಂತ ಅವರು ಚೆನ್ನಾಗಿ ತೋರಿಸುತ್ತಾರೆ. ಕಾಲು ನಡುಗಿದ ಕೂಡಲೇ ಇಳಿಸಿ. ತಿಂಗಳಿಗೊಮ್ಮೆ ಐದು ಕೆ.ಜಿ. ಏರಿಸಿ. 55ಕ್ಕೆ ನಿಲ್ಲಿಸಿ. ಹಲಗೆ ಹತ್ತುವುದು ಬೇಡವೇ ಬೇಡ.